ವೆಲ್ಟನ್ ತುಟಿಯ ಮಸಿ

ಬಾಗಿಲು ಹಾಕ್ಕೊಂಡು ಒಳಗೆ ಬನ್ರೇ... ಇದು ನನ್ನ ಚಿಕ್ಕಪ್ಪನ ಮಗ ವೆಲ್ಟನ್‌ಗೆ ಆದದ್ದು. ನಗೋರು ಈಗಲೇ ಎದ್ದು ಹೋಗಿ.

ಒರಿಸ್ಕನಿ ಕಣಿವೆಯ ಕಾಳಗ ಗೊತ್ತಲ್ಲ. ಇಂಗ್ಲಿಷರ ರಾಜನ ವಿರುದ್ಧ ನಾವು ಎದ್ದ ಯುದ್ಧದ ದಿಕ್ಕು ಬದಲಾಗಿದ್ದೇ ಆ ಬೇಸಿಗೇಲಿ ಅಂತ ಪಟ್ಟಣದೋರು ಡೋಲು ಬಡೀತಾರೆ. ಬಡೀಲಿ! ನಮ್ಮ ಗಂಡಸರ ಎಲುಬು ಅಲ್ಲೇ ಬಿದ್ದಿತ್ತು, ಹೂಳೋಕೆ ಒಬ್ಬರೂ ಬರಲಿಲ್ಲ. ಎದುರಿಗೆ ನಿಂತು ಹೊಡೆದೋರಾದ್ರೂ ಯಾರು? ರಾಜನ ಕಡೆ ಸೇರಿದ ನಮ್ಮ ಪಕ್ಕದ ಹೊಲದೋರೇ.

ಅವತ್ತು ಒಂದು ಮರಕ್ಕೆ ಇಬ್ಬರು ಅಂತ ಹುಕುಂ. ಒಬ್ಬ ಕೋವಿಗೆ ಮದ್ದು ತುಂಬುವಾಗ ಇನ್ನೊಬ್ಬ ಕಾಯಬೇಕು. ಇಲ್ಲಾಂದ್ರೆ ಕೊಡಲಿ ಹಿಡಿದೋರು ಓಡಿ ಬಂದು ಕಡೀತಿದ್ರು. ವೆಲ್ಟನ್ ಜೋಡಿ ಲೊರೆನ್ಸ್, ನನ್ನ ಗೆಳತಿ ಗೆರ್ಟ್ರೌಟ್ ಗಂಡ. ವೆಲ್ಟನ್ ಒಬ್ಬನೇ ವಾಪಸ್ ಬಂದ. "ಕೊನೇ ತನಕ ಪಕ್ಕದಲ್ಲೇ ಇದ್ದೆ" ಅಂದ. ಕೋವಿಗೆ ತುಂಬೋಕೆ ಮದ್ದಿನ ಕಾಗದದ ಪೊಟ್ಟಣ ಹಲ್ಲಲ್ಲಿ ಕಚ್ಚಿ ಹರಿದೋರ ತುಟಿ ಎಲ್ಲಾ ಇದ್ದಿಲಾಗಿತ್ತು. ಇವನದು ಮಾತ್ರ ತೊಳೆದ ಪಾತ್ರೆ.

"ಮಳೆ ತೊಳೀತು" ಅಂದ. ಮಳೆ ಬಂದಿದ್ದು ನಿಜ... ಉಳಿದೋರೇನು ಸೂರಿನ ಕೆಳಗೆ ನಿಂತಿದ್ರಾ?

ಯುದ್ಧ ಮುಗಿದ ವರ್ಷ ಇವನು ಗೆರ್ಟ್ರೌಟ್‌ನೇ ಮದುವೆ ಆಗ್ತೀನಿ ಅಂತ ಹೊರಟ. ಅವಳೋ ಒಂಟಿ, ಮನೆ ಸುಟ್ಟಿತ್ತು, ಚಳಿಗಾಲ ಮುಂದಿತ್ತು. ಒಂದೇ ಮಾತು ಕೇಳಿದಳು.

"ಅವನು ಒಬ್ಬನೇ ಸಾಯಲಿಲ್ಲ ತಾನೇ?"

"ಇಲ್ಲ. ದೇವರಾಣೆ."

ಪಾದ್ರಿ ಹತ್ರ ಮದುವೆ ಮಾತು ಮುಗಿಸಿ, ಸೇಬಿನ ಸಾರಾಯಿ ಏರಿಸಿ, ರಾತ್ರಿ ಅದೇ ಕಣಿವೆ ದಾರೀಲಿ ಬರ್ತಿದ್ದ. ಕೈಯಲ್ಲಿ ಬರೀ ಕೋಲು. ಹಳ್ಳದ ನೀರು ಜುಳುಜುಳು ಅಂತಿತ್ತು... ನಿಂತೇ ಹೋಯ್ತು.

ಚರ್ರ್... ಕಾಗದ ಹರಿದ ಸದ್ದು.

ಥೂ... ಉಗಿದ ಸದ್ದು.

ಆಮೇಲೆ ಕಬ್ಬಿಣದ ಸರಳು ನಳಿಗೆಯೊಳಗೆ ಇಳಿಯೋದು. ಟಣಕ್... ಟಣಕ್...

"ವೆಲ್ಟನ್..." ಮರದ ಹಿಂದಿನಿಂದ ಲೊರೆನ್ಸ್ ದನಿ. "ತುಂಬ್ತಾ ಇದೀನಿ ಕಣೋ. ನೋಡ್ಕೋ."

ಇವನು ಕೋಲನ್ನೇ ಕೋವಿ ಹಂಗೆ ಎತ್ತಿ ಹಿಡಿದ.

"ಇದೀಯೇನೋ?"

"...ಇದೀನಿ."

"ಸುಳ್ಳ." ನಕ್ಕಿತಂತೆ. "ಹೋಗ್ಲಿ, ಈಗ ನಿನ್ನ ಸರದಿ. ಕಚ್ಚು. ನಾನು ಕಾಯ್ತೀನಿ... ನಾನು ಓಡಿ ಹೋಗಲ್ಲ."

ಇಷ್ಟನ್ನ ಅವನೇ ಹೇಳಿದ್ದು, ಬೆಳಗ್ಗೆ, ಗೆರ್ಟ್ರೌಟ್ ಉಳ್ಕೊಂಡಿದ್ದ ನಮ್ಮ ಕೊಟ್ಟಿಗೆ ಹೊಸಿಲಲ್ಲಿ ನಿಂತು. ನಾನು ಅಲ್ಲೇ ಹಾಲು ಕರೀತಿದ್ದೆ. ಕೋವಿ ಇಲ್ಲದೆ ಹೋದವನ ತುಟಿ, ಹಲ್ಲು, ಗದ್ದ ಎಲ್ಲಾ ಕಪ್ಪು. ಗಂಧಕದ ವಾಸನೆ ನನ್ನ ತನಕ ಬಂತು.

ಗೆರ್ಟ್ರೌಟ್ ಹೆಬ್ಬೆರಳಲ್ಲಿ ಅವನ ತುಟಿ ಒರೆಸಿದಳು. ಬೆರಳು ನೋಡ್ಕೊಂಡಳು.

"ಇದು ಅವತ್ತು ಇರಬೇಕಿತ್ತು, ವೆಲ್ಟನ್."

ಬಾಗಿಲು ಹಾಕಿದಳು. ಮದುವೆ ಅಲ್ಲಿಗೆ ಮುಗೀತು. ಆ ಚಳಿಗಾಲ ಪೂರ್ತಿ ಅವಳು ಅದೇ ಕೊಟ್ಟಿಗೇಲಿ ಹಸುಗಳ ಜೊತೆ ಮಲಗಿದಳು, ಅವನ ಮನೆಗೆ ಹೋಗಲಿಲ್ಲ.

ಎಷ್ಟೋ ವರ್ಷ ಆದ್ಮೇಲೆ ಅವನು ಸತ್ತಾಗ ಹೆಣ ತೊಳೆದೋಳು ನಾನೇ. ಬೂದಿ ನೀರು ಹಾಕಿ ಉಜ್ಜಿದೆ, ಮಸಿ ಹೋಗಲಿಲ್ಲ. ಬಾಯಿ ಮುಚ್ಚಿಸೋಕೆ ಹೋದ್ರೆ ನಾಲಗೆ ಕೆಳಗೆ ಏನೋ ಸಿಕ್ತು... ಮದ್ದಿನ ಪೊಟ್ಟಣದ ಕಾಗದದ ಚೂರು. ಅಂಚಲ್ಲಿ ಹಲ್ಲಿನ ಗುರುತು. ನಂಬಿ, ಬಿಡಿ. ಇದೇ ಬೆರಳಲ್ಲಿ ತೆಗೆದದ್ದು ನಾನು.

ಕಾಗದ ಇನ್ನೂ ಒದ್ದೆಯಾಗಿತ್ತು.