ಕೆಂಪುಕಲ್ಲಿನ ಕೋರೆಗೆ ಕರೆದವನು

ಚಾರ್ಮಾಡಿಯಲ್ಲಿ ಗುಡ್ಡ ಜರಿದು ಘಾಟಿ ರಸ್ತೆ ಮುಚ್ಚಿತ್ತು. ಮುಸ್ಸಂಜೆಯ ಮಳೆ ಬಿಡುವ ಹಾಗೆ ಕಾಣಲಿಲ್ಲ. ಬಸ್ಸಿನಿಂದ ಇಳಿದವರೆಲ್ಲ ಸೈನಬಳ ಚಹಾದಂಗಡಿಯಲ್ಲಿ ಒತ್ತಿಕೊಂಡು ಕುಳಿತರು. ಯಾರೋ ಮೊಬೈಲಿನಲ್ಲಿ ಅಪಘಾತದ ಸುದ್ದಿ ನೋಡಿ, “ಗುದ್ದಿ ಓಡಿದವರನ್ನು ಕೊಂದೇ ಹಾಕಬೇಕು” ಎಂದರು. ಮೂಲೆಯಲ್ಲಿದ್ದ ಮುದುಕಿ ಜಲಜಾಕ್ಷಿ ತಲೆ ಎತ್ತಿದಳು.

“ನನ್ನ ಮಗ ಮುಂಡಪ್ಪನೂ ಹಾಗೇ ಹೇಳಿದ್ದು ಮಾರಾಯ್ರೆ… ಹೇಳಿ ಸುಮ್ಮನಿರಲಿಲ್ಲ, ಮಾಡಿಯೇ ಬಿಟ್ಟ. ಅವನ ಮಗಳು ತೃಪ್ತಿ ಶಾಲೆಯಿಂದ ಬರುವಾಗ ಬಂಟ್ವಾಳದ ಹತ್ತಿರ ಯಾವುದೋ ಗಾಡಿ ಗುದ್ದಿ ಹೋಯಿತು. ಆಸ್ಪತ್ರೆಗೆ ತಂದವನು ತರುಣ್ ಅಂತ ಒಬ್ಬ ಹುಡುಗ, ಅಂಗಿಯೆಲ್ಲ ರಕ್ತ. ಮಗು ಉಳಿಯಲಿಲ್ಲ. ಗುದ್ದಿದ್ದು ಇವನೇ ಅಂತ ಊರೆಲ್ಲ ಹೇಳಿತು, ಸಾಕ್ಷಿ ಇಲ್ಲ ಅಂತ ಪೊಲೀಸರು ಬಿಟ್ಟರು. ಅಪ್ಪನ ಕರುಳು ಸುಮ್ಮನಿರ್ತದಾ? ಮಾತಾಡಲಿಕ್ಕುಂಟು ಅಂತ ಕರೆದುಕೊಂಡು ಹೋಗಿ, ಕೆಂಪುಕಲ್ಲು ಕಡಿದು ಬಿಟ್ಟ ಕೋರೆಯುಂಟಲ್ಲ, ಮಳೆನೀರು ತುಂಬಿದ ಆ ಹೊಂಡಕ್ಕೆ ನೂಕಿದ. ‘ನಾನು ಮಗುವನ್ನು ಎತ್ತಿದ್ದು ಮಾತ್ರ ಅಣ್ಣ’ ಅಂತ ಅವನು ಕೂಗ್ತಿದ್ದನಂತೆ. ಕಲ್ಲು ಹಿಡಿದ ಅವನ ಬೆರಳುಗಳನ್ನು ನನ್ನ ಮಗ ತುಳಿದನಂತೆ… ಮನೆಗೆ ಬಂದು ಗಂಜಿ ಉಂಡ. ಹೊಟ್ಟೆ ತುಂಬ ಉಂಡ.

ತಿಂಗಳಾಗಲಿಲ್ಲ, ಗುದ್ದಿದ ಪಿಕಪ್ ಮೂಡುಬಿದಿರೆಯಲ್ಲಿ ಸಿಕ್ಕಿತು. ಡ್ರೈವರ್ ಬೇರೆಯೇ ಜನ!

ಆ ಸಂಜೆಯೇ ಬಾಗಿಲು ಬಡಿದದ್ದು. ತೆಗೆದರೆ ಜಗಲಿಯಲ್ಲಿ ತರುಣ್… ಮೈಯಿಂದ ನೀರು ಇಳೀತಾ ಉಂಟು, ಬೆರಳೆಲ್ಲ ಜಜ್ಜಿ ಹೋಗಿದೆ. ಸಿಟ್ಟಿಲ್ಲ, ಬೈಗುಳ ಇಲ್ಲ. ‘ಮುಂಡಪ್ಪಣ್ಣ, ಮಗುವಿಗೆ ಉಸಿರುಂಟು. ಬೇಗ ಬನ್ನಿ, ಹೋಗುವ.’ ಬೈದಿದ್ದರೆ ನನ್ನ ಮಗ ತಡೆದುಕೊಳ್ತಿದ್ದ. ಮಗಳಿಗೆ ಉಸಿರುಂಟು ಅಂದರೆ ಯಾವ ಅಪ್ಪ ಒಳಗೆ ಕೂತಾನು? ನಾನು ಅವನ ಸೊಂಟ ಹಿಡಿದು ಎಳೆದೆ, ಚಿಲಕ ಹಾಕಿದೆ. ಮಳೆ ಬಂದ ಸಂಜೆಯೆಲ್ಲ ಅದೇ ಕರೆ… ಕಡೆಗೆ ತಾನೇ ಹೋಗಿ ಪೊಲೀಸರಿಗೆ ಹೇಳಿದ. ಪಂಪು ಇಟ್ಟು ಕೋರೆ ಬರಿದು ಮಾಡಿದರೆ ತಳದಲ್ಲಿ ಏನೂ ಇಲ್ಲ! ಆ ಹುಡುಗ ಊರು ಬಿಟ್ಟು ಓಡಿದ್ದು, ಇವನಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಅಂತ ಮನೆಗೆ ಕಳಿಸಿದರು. ಶಿಕ್ಷೆಯೂ ಸಿಗಲಿಲ್ಲ ನೋಡಿ…

ನಾನು ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕ್ತಿದ್ದಾಗ ಒಂದು ದಿನ ಕರೆದವನ ಹಿಂದೆ ಹೋಗಿಯೇ ಬಿಟ್ಟ. ಮತ್ತೆ ನೀರು ತುಂಬಿದ ಕೋರೆಯಲ್ಲಿ ತೇಲ್ತಿದ್ದ, ಎರಡೂ ಕೈ ಮುಂದೆ ಚಾಚಿ, ಮಗುವನ್ನು ಎತ್ತಿಕೊಳ್ಳುವವನ ಹಾಗೆ.”

ಸೈನಬ ಒಲೆ ಬಿಟ್ಟು ಈಚೆ ಬಂದಳು. “ಈಗ ಅವನು ಬರುವುದಿಲ್ಲ ಅಲ್ವಾ ಅಜ್ಜಿ?”

“ಆ ಹುಡುಗ ಬರುವುದಿಲ್ಲ. ಮುಂಡಪ್ಪ ಬರ್ತಾನೆ. ‘ಅಮ್ಮ, ತೃಪ್ತಿ ನಿನ್ನನ್ನು ಕೇಳ್ತಾಳೆ’ ಅಂತಾನೆ. ಅದಕ್ಕೇ ಮಳೆ ಬಂದರೆ ನಾನು ಮನೆಯಲ್ಲಿ ಕೂರುವುದಿಲ್ಲ, ಸಿಕ್ಕಿದ ಬಸ್ಸು ಹತ್ತಿ ದೂರ ಬರ್ತೇನೆ…”

ಮುದುಕಿ ಒಬ್ಬೊಬ್ಬರ ಮುಖವನ್ನೂ ನೋಡಿದಳು.

“ಇವತ್ತು ಬಸ್ಸಿನಲ್ಲಿ ಕಿಟಕಿ ಮುಚ್ಚಿತ್ತು. ಆದರೂ ನನ್ನ ಪಕ್ಕದ ಸೀಟು ಒದ್ದೆ ಅಂತ ನೀವೆಲ್ಲ ಎದ್ದು ಹೋದಿರಿ ಅಲ್ವಾ?”