ಇಬ್ಬರಿಗೇ ಗೊತ್ತಿದ್ದ ಮಾತು

...ಅಲ್ಲ ಕಣಮ್ಮ, ನಿನ್ನ ಮೇಲೆ ಅನುಮಾನ ಅಂತ ನಾನೆಲ್ಲಿ ಅಂದೆ? ಕೂತ್ಕೋ. ಆ ಬಿಳೀ ಕೋಟು ಬಿಚ್ಚಿಟ್ಟು ಕೂತ್ಕೋ. ಫ್ಯಾಕ್ಟರಿಗೆ ನಾನು ಮಾಲೀಕ, ಈ ಲ್ಯಾಬಿಗೆ ನೀನು ಯಜಮಾನಿ, ಸರಿ... ಬಾಗಿಲು ಹಾಕಿದ ಮೇಲೆ ನಾನು ನಿನ್ನ ಸೋದರಮಾವ ತಾನೇ? ನಮ್ಮನಮ್ಮಲ್ಲಿ ಎಂಥಾ ಮುಚ್ಚುಮರೆ!

ಇರು, ಪ್ಯಾಕಿಂಗ್ ಹಾಲಿನ ಕಡೆ ಕಿಟಕಿ ತೆರೆದಿದೆ. ನಾನೇ ಮುಚ್ತೀನಿ. ಯಾಕೆ ನಗ್ತೀಯಾ? ಗೋಡೆಗೂ ಕಿವಿ ಇರುತ್ತೆ ಅಂತ ಹಿರಿಯರು ಸುಮ್ಮನೆ ಹೇಳಿದ್ರಾ?

ವಕೀಲರು ಫೋನ್ ಮಾಡಿದ್ರು. ನಮ್ಮ ಮೇಲೆ ಕೇಸು ಹಾಕಿರೋ ಆ ದೊಡ್ಡ ಕಂಪನಿಯವರು ಕೋರ್ಟಿಗೆ ಇನ್ನೊಂದು ಅರ್ಜಿ ಹಾಕಿದ್ದಾರಂತೆ. ಏನಂತ ಗೊತ್ತಾ? 'ಇವರ ಮಾತ್ರೆ ತೇವದಲ್ಲಿಟ್ರೆ ಒಳಗಿನ ಔಷಧಿಯ ಹರಳು ಆಕಾರ ಮಗುಚಿ ನಮ್ಮ ಹರಳೇ ಆಗುತ್ತೆ. ಆ ಹರಳಿನ ಪೇಟೆಂಟ್ ನಮ್ಮದು' ಅಂತ. ಅಯ್ಯೋ! ನಮ್ಮ ಮಾತ್ರೆ ಇನ್ನೂ ಅಂಗಡಿ ಮುಖಾನೇ ನೋಡಿಲ್ಲ, ಅದರ ಹೊಟ್ಟೆಯೊಳಗಿನ ಗುಟ್ಟು ಅವರಿಗೆ ಹೇಗೆ ಗೊತ್ತಾಯ್ತು?

ಎಷ್ಟು ಒದ್ದಾಡಿದ್ದೆ ನೀನು... ಮೂರ್ಛೆರೋಗದ ಔಷಧಿ. ಹಳೇ ಪೇಟೆಂಟ್ ಮುಗೀತು, ಇನ್ನು ಯಾರು ಬೇಕಾದ್ರೂ ಮಾಡಬಹುದು ಅನ್ನೋಷ್ಟರಲ್ಲಿ ಹರಳಿನ ಆಕಾರಕ್ಕೊಂದು ಹೊಸ ಪೇಟೆಂಟ್ ತಗೊಂಡು ಕೂತ್ರು. ಔಷಧಿ ಅದೇ, ಬೀಗ ಮಾತ್ರ ಹೊಸದು! ಜನ ಮಾತ್ರೆ ಅರ್ಧ ಮುರಿದು ಮಕ್ಕಳಿಗೆ ಕೊಡ್ತಿದ್ದಾರೆ, ಪೂರ್ತಿ ಕೊಡೋ ಶಕ್ತಿ ಇಲ್ಲ ಅಂತ ನೀನೇ ಅಳ್ತಿದ್ದೆಯಲ್ಲ. ಆ ಪೇಟೆಂಟಿಗೆ ಸಿಗದ ಬೇರೆ ಹರಳು ಮಾಡಿ ತೋರಿಸ್ದೆ. ಆವತ್ತು ನಾನು ಹುಡುಗನ ಹಾಗೆ ಕುಣಿದುಬಿಟ್ಟೆ! ಆಮೇಲೊಂದು ದಿನ ಮುಖ ಸಣ್ಣಗೆ ಮಾಡ್ಕೊಂಡು ಬಂದು, 'ಮಾವ, ತೇವ ತಾಗಿದ್ರೆ ಹರಳು ಮಗುಚ್ತಿದೆ, ಸ್ವಲ್ಪ ಟೈಮ್ ಕೊಡಿ, ಸರಿ ಮಾಡ್ತೀನಿ' ಅಂದೆ. ಬಾಯಿಮಾತಲ್ಲಿ ಅಂದಿದ್ದು. ಎಲ್ಲೂ ಬರೆದಿಟ್ಟಿರಲಿಲ್ಲ. ಹೌದು ತಾನೇ?

ಮತ್ತೆ ಯಾರು ಊದಿದ್ರು?

ಮೊದಲು ನನಗೆ ವಕೀಲರ ಮೇಲೇ ಅನುಮಾನ ಬಂತು. ಬೇಲಿಯೇ ಎದ್ದು ಹೊಲ ಮೇಯೋ ಕಾಲ ಇದು. ಆದ್ರೆ... ಪ್ಯಾಕಿಂಗ್ ಮೇಸ್ತ್ರಿ ಇದ್ದಾನಲ್ಲ? ಅವನ ಷಡ್ಕ ಆ ಕಂಪನೀಲಿ ಕಾರು ಓಡಿಸ್ತಾನಂತೆ. ನಿನ್ನೆ ನಾನು ಹಾಲಿಗೆ ಕಾಲಿಟ್ಟಿದ್ದೇ ತಡ, ಫೋನು ಸರಕ್ಕಂತ ಜೇಬಿಗೆ ತುರುಕಿದ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗೆ. ಏನು? ಹೆಂಡತಿ ಆಸ್ಪತ್ರೇಲಿದ್ದಾಳೆ, ಅದಕ್ಕೆ ಫೋನು ಅಂತೀಯಾ? ಇರಬಹುದಮ್ಮ. ಕಳ್ಳನಿಗೂ ಹೆಂಡತಿ ಇರ್ತಾಳೆ!

ನೋಡು, ನಾಳೆ ನೀನು ಸಾಕ್ಷಿ ಹೇಳಬೇಕು. ನಮ್ಮ ಗುಟ್ಟು ಕದ್ದಿದ್ದಾರೆ ಅಂತ ವಕೀಲರು ವಾದ ಮಾಡ್ತಾರಂತೆ. ಯಾರು ಹೊರಗೆ ಬಿಟ್ಟಿದ್ದು ಅಂತ ಕೇಳ್ತಾರೆ. 'ಮೇಸ್ತ್ರಿ ಮೇಲೆ ಅನುಮಾನ ಇದೆ' ಅಂದ್ಬಿಡು. ಅಷ್ಟೇ. ಅವನನ್ನ ಸಂಜೇನೇ ಮನೆಗೆ ಕಳಿಸ್ತೀನಿ. ಹೂಂ ಅನ್ನು.

ಹೂಂ ಅನ್ನೇ.

...ತಲೆ ಅಲ್ಲಾಡಿಸಬೇಡ. ಸರಿ, ಒಪ್ಕೋತೀನಿ, ಹರಳು ಅಂದ್ರೆ ಉಂಗುರದ್ದಾ ಅಂತ ಕೇಳೋ ಮನುಷ್ಯ ಅವನು. ಅವನಿಗೆ ಇದೆಲ್ಲ ಎಲ್ಲಿ ಅರ್ಥ ಆಗಬೇಕು... ವಕೀಲರಿಗೂ ಈ ವಿಷಯ ಅರ್ಜಿ ಓದಿದ ಮೇಲೇ ಗೊತ್ತಾಗಿದ್ದು, ಪಾಪ, ನನ್ನ ಮೇಲೆ ರೇಗಾಡಿದ್ರು. ಹಾಗಾದ್ರೆ... ಉಳಿದಿದ್ದು ಇಬ್ಬರೇ. ನೀನು. ನಾನು.

ನೀನು ಹೇಳಿದ್ಯಾ?

ಛೆ ಛೆ ಛೆ! ಏಳಬೇಡ, ಕೂತ್ಕೋ. ನೀನಲ್ಲ. ನೀನಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಬೇಕಾದ್ರೆ ನಿಮ್ಮಮ್ಮನ ಆಣೆ ಇಟ್ಟು ಹೇಳ್ತೀನಿ, ಖಂಡಿತ ನೀನಲ್ಲ!

...ಯಾಕೆ ಹಾಗೆ ನೋಡ್ತೀಯಾ?

ಹೇಗೆ ಗೊತ್ತು ಅಂದ್ರೆ... ನಮ್ಮ ಅಕ್ಕನ ಮಗಳು, ಎತ್ತಿ ಆಡಿಸಿದ ಕೂಸು... ಗೊತ್ತಿರಲ್ವಾ? ಅಷ್ಟೇ... ಅಷ್ಟೇ ಕಣೇ...

ಏನಾದ್ರೂ ಮಾತಾಡು! ಬಯ್ಯಿ ಬೇಕಾದ್ರೆ. ಹೀಗೆ ಗುಮ್ಮನ ಹಾಗೆ ಕೂರಬೇಡ.

...ಅವರ ಕಡೆಯವನೊಬ್ಬ ಬಂದಿದ್ದ. ಮೆತ್ತಗೆ ಮಾತಾಡೋ ಮನುಷ್ಯ. 'ಇಲ್ಲಿ ಗೆದ್ರೆ ಮೇಲಿನ ಕೋರ್ಟು, ಅಲ್ಲಿ ಗೆದ್ರೆ ಅದರ ಮೇಲಿನ ಕೋರ್ಟು. ಅಷ್ಟರಲ್ಲಿ ನಿಮ್ಮ ಗೇಟಿಗೆ ತುಕ್ಕು ಹಿಡಿದಿರುತ್ತೆ ಸ್ವಾಮಿ. ಇದನ್ನ ಬಿಡಿ, ನಮ್ಮ ಕೆಮ್ಮಿನ ಸಿರಪ್ಪು ತುಂಬಿಕೊಡಿ, ಮೆಷೀನು ನಿಲ್ಲಲ್ಲ' ಅಂದ. ನಾನು ಮಾಡೋದಾದ್ರೂ ಏನು? ಸುಮ್ಮನೆ ಕೇಸು ಬಿಟ್ರೆ ಮಾವ ಮಾರ್ಕೊಂಡ ಅಂತೀಯಾ. ಕೋರ್ಟಲ್ಲಿ ಸೋತ್ರೆ... ಸೋತ, ಪಾಪ, ಅಂತೀಯಾ. ಹೇಗಿದ್ರೂ ಹರಳು ಮಗುಚ್ತಿತ್ತಲ್ಲ! ಇಲ್ಲದ್ದನ್ನೇನು ನಾನು ಹೇಳಲಿಲ್ಲವಲ್ಲ!

ಕಂಪ್ಯೂಟರ್ ಯಾಕೆ ನನ್ನ ಕಡೆ ತಿರುಗಿಸ್ದೆ? ಹರಳಿನ ಪರೀಕ್ಷೆ ಮಾಡಿದಾಗ ಬರೋ ಗೆರೆ ಅಲ್ವಾ ಇದು... ಇದು ನಮ್ಮ ಹರಳಿಂದು. ನನಗೂ ಇಷ್ಟು ಗೊತ್ತಾಗುತ್ತಮ್ಮ. ಪಕ್ಕದ್ದು? ತೇವದಲ್ಲಿಟ್ಟ ಮೇಲೆ ತೆಗೆದಿದ್ದಾ? ಎರಡೂ ಒಂದೇ ಥರ ಇದೆಯಲ್ಲ... ಮಗುಚೇ ಇಲ್ವಾ? ಸರಿ ಹೋಯ್ತಾ? ಗೆಲ್ತಿದ್ವಾ ನಾವು?

ಯಾವಾಗ ಆಯ್ತು ಇದು? ನನಗ್ಯಾಕೆ ಹೇಳಲಿಲ್ಲ? ಎಲ್ಲಾ ಓಡೋಡಿ ಬಂದು ಮೊದಲು ನನಗೇ ಹೇಳ್ತಿದ್ದೋಳು... ಇದನ್ನ ಮಾತ್ರ... ಯಾಕೆ...

ಓ.

ಯಾವಾಗಿಂದ ನಿನಗೆ ನನ್ನ ಮೇಲೆ...

ಕೋಟು ಯಾಕೆ ಮಡಚ್ತಿದ್ದೀಯಾ? ಎಲ್ಲಿಗೆ? ವಕೀಲರ ಹತ್ರಾನಾ? ಇರು, ಒಂದು ನಿಮಿಷ ಇರು ತಾಯಿ. ಇಷ್ಟೊತ್ತು ಮಾತಾಡು ಮಾತಾಡು ಅಂತ ಪ್ರಾಣ ತಿಂದೆ, ತಪ್ಪಾಯ್ತು. ನಾಳೆ ಅಲ್ಲಿ ನಿಲ್ಲಿಸಿ ಕೇಳ್ತಾರೆ, ಯಾರು ಹೇಳಿದ್ದು ಅಂತ... ಆಗಲೂ ಹೀಗೇ ಸುಮ್ಮನಿರ್ತೀಯಲ್ಲ?

...ಮಗಳೇ?

ಇರ್ತೀಯಲ್ಲ?