ಸೊನ್ನೆಯ ಮುಂದಿನ ಮೈನಸ್

ಲೈಟ್ ಇರ್ಲಿ, ಆರಿಸ್ಬೇಡಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನನ್ನ ದೊಡ್ಡಮ್ಮನ ಮಗ ದೀಪೇಶನಿಗೇ ಆದದ್ದು.

ಕಳೆದ ವರ್ಷ, ಆಟಿ ತಿಂಗಳು, ಜೋರು ಮಳೆಗಾಲ. ಆಫೀಸಿನಲ್ಲಿ ಟೆಸ್ಟ್ ಮುಗಿಯುವಾಗಲೇ ರಾತ್ರಿ ಹತ್ತೂವರೆ. ಜೆಪ್ಪುವಿನ ನಮ್ಮ ಓಣಿಯಲ್ಲಿ ಕಬ್ಬಿಣದ ಬಲೆ ಹಾಕಿದ ಬಾವಿ ಉಂಟಲ್ಲ… ಅದರ ಹತ್ತಿರ ಬಂದಾಗ ಹಿಂದಿನಿಂದ ಸದ್ದು. ಚಪ್… ಸರ್ರ್… ಚಪ್… ಸರ್ರ್… ಒದ್ದೆ ಚಪ್ಪಲಿ. ಒಂದು ಕಾಲು ಎಳೆದುಕೊಂಡು.

ಹಾಗೆ ನಡೆಯುವವ ಅಝರ್ ಒಬ್ಬನೇ. ಅವನು ತೀರಿಹೋಗಿ ಆಗಲೇ ಒಂದೂವರೆ ತಿಂಗಳಾಗಿತ್ತು.

ಅಝರ್ ಅಂದ್ರೆ ಆಫೀಸಿನಲ್ಲಿ ದೀಪೇಶನ ಪಕ್ಕದ ಕುರ್ಚಿಯವ. ಇಬ್ಬರದ್ದೂ ಕಂಪೈಲರ್ ಪರೀಕ್ಷಿಸುವ ಕೆಲಸ. ಬರೆದ ಪ್ರೋಗ್ರಾಮನ್ನು ಕಂಪೈಲರ್ ಯಂತ್ರದ ಭಾಷೆಗೆ ತಿರುಗಿಸ್ತದೆ. ತಿರುಗಿಸಿದ್ದು ಸರಿ ಉಂಟಾ ಅಂತ ಇವರು ನೋಡ್ಬೇಕು. ದಶಮಾಂಶ ಸಂಖ್ಯೆಯ ಮುಂದೆ ಮೈನಸ್ ಹಾಕಿದ್ರೆ ಅದರ ಚಿಹ್ನೆ ಬದಲಾಗ್ಬೇಕು, ಅಷ್ಟೆ. ಇವರ ಕಂಪೈಲರ್ ಹಾಗೆ ಮಾಡದೆ ಅದನ್ನು ಸೊನ್ನೆಯಿಂದ ಕಳೀತಿತ್ತು. ಐದಕ್ಕೂ ಹತ್ತಕ್ಕೂ ಉತ್ತರ ಸರಿಯೇ. ಸೊನ್ನೆಗೆ ಮಾತ್ರ ಮೈನಸ್ ಬರ್ತಿರ್ಲಿಲ್ಲ; ಕಂಪ್ಯೂಟರಿನೊಳಗೆ ಸೊನ್ನೆಗೂ ಆ ಚಿಹ್ನೆ ಉಂಟು.

ಅಝರ್ ಅದನ್ನು ಹಿಡಿದ. ದೀಪೇಶ ಅವನ ಸೀನಿಯರ್.

"ಸೊನ್ನೆಗೆ ಎಂತ ಮೈನಸ್ ಮಾರಾಯ? ಹೋಲಿಸಿ ನೋಡು, ಎರಡೂ ಸಮ ಅಂತ ತೋರಿಸ್ತದೆ."

"ತೋರಿಸ್ತದೆ ದೀಪೇಶಣ್ಣ. ಆದ್ರೆ ಒಳಗೆ ಚಿಹ್ನೆ ಬೇರೆ ಇರ್ಬೇಕು. ಒಮ್ಮೆ ತೆಗೆದು ನೋಡಿ."

ನೋಡ್ಲಿಲ್ಲ. ಎಲ್ಲರೆದುರು ನಕ್ಕ. ಅಝರ್ ಬರೆದ ದೂರಿನ ಕೆಳಗೆ 'ತಪ್ಪೇನಿಲ್ಲ' ಅಂತ ಹಾಕಿ ಮುಚ್ಚಿಬಿಟ್ಟ. ಅಝರ್ ಎದ್ದುಹೋದ. ಅದೇ ಸಂಜೆ ಕೂಳೂರು ಸೇತುವೆ ಹತ್ತಿರ ಬೈಕ್ ಜಾರಿತು…

ಬಾವಿ ಹತ್ತಿರ ದೀಪೇಶ ನಿಂತ. ತಿರುಗಲಿಲ್ಲ. ಹಿಂದಿನ ಸದ್ದೂ ನಿಂತಿತು.

"ದೀಪೇಶಣ್ಣ…" ಕಿವಿಯ ಪಕ್ಕವೇ. "ನೋಡಿದ್ರಾ?"

"ಇಲ್ಲ…"

"ಒಮ್ಮೆ ನೋಡಿ."

ಅಷ್ಟೆ. ಸ್ವರದಲ್ಲಿ ಕೋಪ ಇರ್ಲಿಲ್ಲವಂತೆ. ಅದನ್ನೇ ತಡೆಯಲಿಕ್ಕಾಗಲಿಲ್ಲ ಅಂತಾನೆ.

ಮನೆಗೆ ಬಂದವನೇ ಅಝರ್‌ನ ಟೆಸ್ಟ್ ಓಡಿಸಿದ. ಈ ಸಲ ಸಮ ಉಂಟಾ ಅಂತ ಕೇಳ್ಲಿಲ್ಲ, ಚಿಹ್ನೆಯನ್ನೇ ತೆಗೆದು ನೋಡಿದ. ಮೈನಸ್ ಇಲ್ಲ. ಮುಚ್ಚಿದ ದೂರನ್ನು ಪುನಃ ತೆರೆದು ಬರೆದ: ತಪ್ಪು ನನ್ನದು, ಹಿಡಿದವ ಅಝರ್. ಬೆಳಗಿನವರೆಗೆ ಅಲ್ಲೇ ಕೂತಿದ್ದ. ಕಣ್ಣು ಊದಿತ್ತು.

ಮರುದಿನ ನನ್ನನ್ನೂ ಕರ್ಕೊಂಡು ಶಕ್ತಿನಗರಕ್ಕೆ ಹೋದ, ಅಝರ್‌ನ ತಾಯಿ ಮುಮ್ತಾಝರ ಮನೆಗೆ. ಅವರಿಗೆ ಕಂಪೈಲರ್ ಎಲ್ಲ ಎಂತ ಗೊತ್ತು?

"ಉಮ್ಮ, ನಿಮ್ಮ ಮಗ ಹೇಳಿದ್ದೇ ಸರಿ ಇತ್ತು. ನಾನು ಎಲ್ಲರ ಮುಂದೆ ನಕ್ಕಿದ್ದೆ."

ಅವರು ಚಾದ ಲೋಟ ಇವನ ಮುಂದೆ ಸರಿಸಿದರು.

"ಅವತ್ತು ಹೊರಡುವಾಗ ಫೋನ್ ಮಾಡಿದ್ದ. ಸ್ವರ ಸಣ್ಣ ಆಗಿತ್ತು. ಎಂತಾಯ್ತು ಕೇಳಿದೆ, ಹೇಳ್ಲಿಲ್ಲ…" ಸೆರಗಿನಿಂದ ಮುಖ ಒರೆಸಿಕೊಂಡರು. "ಈಗ ಗೊತ್ತಾಯ್ತು ಮೋನೇ. ಚಾ ಕುಡಿ."

ಆಮೇಲೆ ಕಪಾಟಿನಿಂದ ಒಂದು ಡಬ್ಬಿ ತಂದರು. ಮಗನ ಕನ್ನಡಕ. ಆಸ್ಪತ್ರೆಯವರು ಕೊಟ್ಟ ದಿನ ಮುಚ್ಚಿಟ್ಟದ್ದು, ಮತ್ತೆ ಮುಟ್ಟಿರ್ಲಿಲ್ಲವಂತೆ. ಟಿಕ್… ತೆರೆದರು.

ಎರಡೂ ಗಾಜಿನ ಮೇಲೆ ಆವಿ.

ನೀವು ನಂಬಿ, ಬಿಡಿ. ನನ್ನ ಶಾಲಿನ ತುದಿಯಿಂದ ಅದನ್ನು ಒರೆಸಿದ್ದು ನಾನೇ. ಗಾಜು ಬೆಚ್ಚಗಿತ್ತು, ಈಗಷ್ಟೇ ಮುಖದಿಂದ ತೆಗೆದಿಟ್ಟ ಹಾಗೆ.